ಸೊಲ್ಲಿನ ಸಂದು

ನೆರೆಯ ವನಜಾಳ ಮಗಳಿಗೆ ಅರಿಶಿನ ಹಚ್ಚಿದ ದಿನ ಅಂಜಿನಮ್ಮನ ಮಾನ ಹೋದದ್ದು ಮೂಲವ್ಯಾಧಿಯಿಂದ. ಅವಳಿಗೆ ಆ ರೋಗ ಇರಲಿಲ್ಲ. ಅವಳ ಅಪ್ಪನ ಕಡೆ, ಅವ್ವನ ಕಡೆ ಯಾರಿಗೂ ಇದ್ದ ನೆನಪಿಲ್ಲ. ಆದರೂ ಅವಳು ಹಾಲಿನ ಪ್ಯಾಕೆಟ್ಟು ತರಲು ಬೀದಿಗಿಳಿದರೆ ಸಾಕು, ಕುಂದಲಹಳ್ಳಿಯ ಹಳೇ ಊರಿನ ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬೇರೆ ಕಡೆ ತಿರುಗುತ್ತಿದ್ದರು.

ಅವಳ ಬೀದಿಯಲ್ಲಿ ಒಂದು ಕಟ್ಟಳೆಯಿದೆ. ಮದುಮಗಳನ್ನು ಹಸೆಮಣೆಯ ಮೇಲೆ ಕೂರಿಸಿ ಅರಿಶಿನ ಮುಟ್ಟಿಸಬೇಕಾದರೆ ಸೋಬಾನೆ ಪದ ಆಗಲೇಬೇಕು. ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದ ಹೆಂಗಸರು ಅದನ್ನು ಹಿಡಿಯುತ್ತಾರೆ. ಎತ್ತಿದ ಪದ ಮುಗಿಯುವವರೆಗೆ ನಡುವೆ ಇನ್ನೊಂದು ಮಾತು ನುಸುಳಬಾರದು. ನುಸುಳಿದರೆ ಆ ಹೆಣ್ಣಿನ ಬಾಳಿನ ನಡುವೆಯೂ ಯಾವುದೋ ಒಂದು ನುಸುಳುತ್ತದೆ ಎಂಬ ಅಂಜಿಕೆ. ಪದ ನಡೆಯುವಾಗ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಕೆಮ್ಮು ಬಂದವರು ಸೆರಗು ಕಚ್ಚಿ ಹಿಡಿಯುತ್ತಿದ್ದರು.

ಒಂದು ಆಯುಷ್ಯದಷ್ಟು ಕಾಲ ಆ ಬೀದಿಗೆ ಸೊಲ್ಲು ಎತ್ತಿದವಳು ಎದುರು ಮನೆಯ ಗಂಗಮ್ಮ. ಅಷ್ಟೂ ಕಾಲ ಅವಳ ಎಡಮಗ್ಗುಲಲ್ಲಿ ಕೂತು ಎಲ್ಲರಿಗಿಂತ ಮೊದಲು ಹಿಡಿದವಳು ಅಂಜಿನಮ್ಮ. ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಎತ್ತುವುದು ಮಾತ್ರ ಬಾರದು. ಗಂಗಮ್ಮ ಬಿಟ್ಟ ಉಸಿರಿನ ಮೇಲೆ ತನ್ನ ಉಸಿರು ಇಡುವುದೊಂದೇ ಗೊತ್ತು. ಮುಂದಿನ ಸಾಲು ಯಾವುದೆಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ, ಗಂಗಕ್ಕ ಇದ್ದಳಲ್ಲ.

ಹೋದ ವರ್ಷ ಗಂಗಮ್ಮ ತೀರಿಕೊಂಡಳು. ಅವಳು ಬದುಕಿದ್ದಾಗಲೇ ಮಗ ನಂದೀಶ ಪದಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಇಂಟರ್‌ನೆಟ್ಟಿನ ಒಂದು ವಿಡಿಯೊ ತಾಣಕ್ಕೆ ಏರಿಸಿದ್ದ. ಬೀದಿಯ ಹೆಂಗಸರು ಅದರಲ್ಲೇ ಉಪಾಯ ಕಂಡುಕೊಂಡರು. ಸ್ಪೀಕರಿನಲ್ಲಿ ಸತ್ತ ಗಂಗಮ್ಮ ಎತ್ತಲಿ, ಬದುಕಿದವರು ಹಿಡಿಯೋಣ.

ವನಜಾಳ ಮನೆಯಲ್ಲಿ ಹಾಗೇ ಮಾಡಿದರು. ಗಂಗಮ್ಮ ಎತ್ತಿದಳು:

"ಹೊಂಗೇಯ ಚಪ್ಪರಕೆ ಬಂಗಾರ ಬಿಸಿಲು ಬಿತ್ತು..."

ಅಂಜಿನಮ್ಮ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. ಆ ಸಂದಿನಲ್ಲಿ ಗಂಡಸೊಬ್ಬ ಅಬ್ಬರಿಸಿದ:

"ಮೂಲವ್ಯಾಧಿಯ ಕಾಟವೇ? ಇಂದೇ ಕರೆ ಮಾಡಿ!"

ಮಿಕ್ಕ ಹೆಂಗಸರು ಗಕ್ಕನೆ ನಿಂತರು. ಆದರೆ ರೂಢಿಬಿದ್ದ ನಾಲಿಗೆ ಬುದ್ಧಿಯ ಅಪ್ಪಣೆ ಕೇಳುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಅಂಜಿನಮ್ಮ, ಎದೆತುಂಬಿ, ಒಬ್ಬಳೇ ಹಿಡಿದಳು:

"ಸೋಬಾನೇ... ಸೋಬಾನೇ..."

ಚಪ್ಪರ ಅಲುಗುವಂತೆ ಜನ ನಕ್ಕರು. ಗಂಡಿನ ಕಡೆಯವರು ನಗಲಿಲ್ಲ. ಅವರಲ್ಲೊಬ್ಬಳು, "ಶುಭಕಾರ್ಯದಲ್ಲಿ ಇದೇನ್ರೀ ಅನಿಷ್ಟ?" ಎಂದು ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು. ವನಜಾ ಅಡುಗೆಮನೆಗೆ ಹೋಗಿ ಅತ್ತಳು. ಯಾರೋ ತೆಗೆದ ವಿಡಿಯೊ ಸಂಜೆಯೊಳಗೆ ಊರವರೆಲ್ಲರ ಸ್ಟೇಟಸ್ಸಿನಲ್ಲಿತ್ತು.

ನಗೆಯನ್ನು ಅಂಜಿನಮ್ಮ ನುಂಗಿಕೊಂಡಾಳು. ಎದೆಯಲ್ಲಿ ಮುರಿದ ಮುಳ್ಳು ಬೇರೆಯದು. ಬರುವ ಅರಿಶಿನ ಅವಳ ಮೊಮ್ಮಗಳು ಮಂಜುಶ್ರೀಯದು. ತಾಯಿಯಿಲ್ಲದ ಆ ಹುಡುಗಿಯನ್ನು ಒಂದು ತೊಡೆಯ ಮೇಲೆ ಅಂಜಿನಮ್ಮ, ಇನ್ನೊಂದು ತೊಡೆಯ ಮೇಲೆ ಗಂಗಮ್ಮ ಆಡಿಸಿ ಬೆಳೆಸಿದ್ದರು. "ಇವಳ ಅರಿಶಿನಕ್ಕೆ ನಾನ್ ಎತ್ತೋ ಪದ ಮಾರ್ತಳ್ಳಿ ತಂಕ ಕೇಳ್ಬೇಕು, ನೋಡ್ತಿರು" ಎಂದಿದ್ದಳು ಗಂಗಮ್ಮ. ಆ ಪದ ಈಗ ಮುರಿಯದೆ ನಡೆಯಬೇಕು. ಅಂಜಿನಮ್ಮನಿಗೆ ಬೇರೇನೂ ಬೇಡ.

"ಈ ಸಲ ಯಾವ್ ಕಾಯ್ಲೆ ಇಡ್ಕೊಂತೀಯೆ?" ಎಂದ ಗಂಡ ನಂಜಪ್ಪ, ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತ. "ಸಕ್ಕರೆ ಕಾಯ್ಲೆ ಆದ್ರೆ ವಾಸಿ. ಮದ್ವೆ ಮನೆಗೆ ಒಂದ್ಕೊಂತದೆ."

"ನಿನ್ ಬಾಯ್ಗಿಷ್ಟು ಮಣ್ಣಾಕ."

ಮಂಜುಶ್ರೀ ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ ಲೆಕ್ಕಪತ್ರದ ಕೆಲಸದವಳು. ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯ ಪಕ್ಕ ಕೂತಳು.

"ಒಂದ್ ದಾರಿ ಇದೆ ಅಜ್ಜಿ. ತಿಂಗ್ಳಿಗಿಷ್ಟು ಅಂತ ಕಟ್ಟಿದ್ರೆ ಆಡ್ ಬರಲ್ಲ."

"ಯಾರ್ಗೆ ಕಟ್ಟೋದು?"

"ಆ ವಿಡಿಯೊ ಕಂಪನಿಯವ್ರಿಗೆ."

"ಅಡ್ಡಬಾಯಿ ಆಕೋರೂ ಅವ್ರೇ, ಆಕ್ದೆ ಇರಕ್ಕೆ ಕಾಸ್ ಕೇಳೋರೂ ಅವ್ರೇನಾ? ಸಂತೇಲಿ ಮಾಮೂಲಿ ಎತ್ತೋ ರೌಡಿ ಇನ್ನೇನ್ ಮಾಡ್ತಾನೆ? ಗಂಗಕ್ಕನ್ ಪದ ಕೇಳಕ್ಕೆ, ಗಂಗಕ್ಕನ್ ಮನೆ ಎದ್ರುಗೇ ಕೂತ್ಕೊಂಡು, ನಾನು ಸುಂಕ ಕಟ್ಬೇಕಾ? ಆಗಾಕಿಲ್ಲ."

ಸರಿ, ವಿಡಿಯೊವನ್ನು ಇಳಿಸಿಕೊಂಡು ಬಿಡೋಣವೆಂದು ಮಂಜುಶ್ರೀ ಬೇರೊಂದು ತಾಣಕ್ಕೆ ಹೋದಳು. ಅಲ್ಲಿ 'ಡೌನ್‌ಲೋಡ್' ಎಂದು ಬರೆದ ಹಸಿರು ಗುಂಡಿಗಳು ಪುಟದ ತುಂಬ. ಯಾವುದು ನಿಜದ್ದೋ, ಯಾವುದು ಬಲೆಯೋ. ಒಂದನ್ನು ಒತ್ತಿದರೆ ತುಂಡು ಬಟ್ಟೆಯ ಹೆಣ್ಣೊಬ್ಬಳು ಬಂದು ಕಣ್ಣು ಹೊಡೆದಳು. ಇನ್ನೊಂದನ್ನು ಒತ್ತಿದರೆ ಆಂಬುಲೆನ್ಸಿನಂತೆ ಸೈರನ್ ಕೂಗಿಕೊಂಡು, ನಿಮ್ಮ ಯಂತ್ರಕ್ಕೆ ಭಯಂಕರ ವೈರಸ್ ತಗುಲಿದೆ ಎಂದಿತು. ನಂಜಪ್ಪ ಜಗುಲಿಯಿಂದಲೇ, "ತಡ ಮಾಡ್ಬ್ಯಾಡ್ರೇ, ಆಸ್ಪತ್ರೆಗೆ ಸೇರ್ಸಿ" ಎಂದ.

ಮುಚ್ಚಿ ಮುಚ್ಚಿ ಸಾಕಾಗಿ ಮಂಜುಶ್ರೀ ಹಳೆಯ ಪುಟಕ್ಕೆ ಮರಳಿದಳು. ಅಲ್ಲೂ ಬದಿಯಲ್ಲಿ ಜಾಹೀರಾತಿನ ಒಂದು ಹಲಗೆ ಮಿನುಗುತ್ತಿತ್ತು: ಮದುವೆಗೆ ಮುಂಚೆ ತೂಕ ಇಳಿಸಿ, ಮದುಮಗಳ ಬಣ್ಣ ತಿಳಿಯಾಗಿಸಿ. ಮೊಮ್ಮಗಳು ಅದನ್ನು ಓದಿ ಹೇಳಿದಾಗ ಅಂಜಿನಮ್ಮನ ಮುಖ ಬಿಗಿಯಿತು.

"ನಿನ್ ಮದ್ವೆ ಅಂತ ಇವ್ಕೆ ಯಾರೇ ಏಳಿದ್ದು? ನಾವಿನ್ನೂ ಲಗ್ನಪತ್ರಿಕೆನೇ ಅಂಚಿಲ್ಲ."

"ಇದ್ರಲ್ಲಿ ಮದ್ವೆ ಸೀರೆ ನೋಡ್ದೆ ಅಲ್ವಾ ಅಜ್ಜಿ, ಅದ್ರಿಂದ ತಿಳ್ಕೊಂತವೆ."

"ನನ್ ಮೊಮ್ಮಗಳು ದಪ್ಪ ಅಂತನೂ ತಿಳ್ಕೊಂಡ್ವಾ? ಕಪ್ಪು ಅಂತನೂ?"

ಮಂಜುಶ್ರೀ ನಕ್ಕಳು. ಆ ನಗೆ ಪೂರ್ತಿ ಬಾಯಿಗೆ ಬರಲಿಲ್ಲ. ಈ ಮೂರು ತಿಂಗಳಿಂದ ಆ ಹಲಗೆ ಹಗಲಿಡೀ ಅವಳ ಬೆನ್ನು ಬಿದ್ದಿತ್ತೆಂದು, ಬೆಳಿಗ್ಗೆ ರಾಗಿ ಮುದ್ದೆ ಬೇಡವೆಂದು ತಟ್ಟೆ ತಳ್ಳುತ್ತಿದ್ದದ್ದು ಅದಕ್ಕೇ ಎಂದು ಅಜ್ಜಿಗೆ ಆಗ ಹೊಳೆಯಿತು. ಮನೆಗೆ ಬಂದ ಬೀಗರು ಇಂಥ ಮಾತಾಡಿದ್ದರೆ ಅಂಜಿನಮ್ಮ ಪೊರಕೆ ತೆಗೆದುಕೊಳ್ಳುತ್ತಿದ್ದಳು. ಇದು ಬಾಗಿಲು ತಟ್ಟದೆ ಬಂದು, ಮಗುವಿನ ಕಿವಿಯಲ್ಲಿ ಕೂತು, ನೀನು ಚೆನ್ನಾಗಿಲ್ಲ ನೀನು ಚೆನ್ನಾಗಿಲ್ಲ ಎನ್ನುತ್ತಿದೆ. ಯಾರಿಗೆ ಪೊರಕೆ ತೋರಿಸುವುದು?

ಮರುದಿನ ಮಂಜುಶ್ರೀ ಆಫೀಸಿನಿಂದ ಮದ್ದು ತಂದಳು. ಜೊತೆಗೆ ಕೆಲಸ ಮಾಡುವ ಆಶಾರಾಣಿ ಹೇಳಿಕೊಟ್ಟದ್ದು. ಆಡ್ ಬ್ಲಾಕರ್ ಅಂತ. ಹಾಕಿಕೊಂಡರೆ ಜಾಹೀರಾತು ಪುಟದ ಒಳಗೇ ಬರುವುದಿಲ್ಲ.

"ಬಾಗ್ಲಲ್ಲಿ ನಾಯಿ ಕಟ್ದಂಗೆ ಅನ್ನು."

"ಹೂಂ ಅಜ್ಜಿ, ಅಂಗೇ ಅನ್ಕೋ."

"ಕಚ್ತದಾ?"

"ಸುಮ್ನೆ ಅಡ್ಡ ಮಲಗತ್ತೆ, ಅಷ್ಟೆ."

ಆ ಸಂಜೆ ಅಂಜಿನಮ್ಮ ಗಂಗಮ್ಮನ ಪದವನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು. ಗಂಗಮ್ಮ ಎತ್ತಿದಳು, ಬಂಗಾರ ಬಿಸಿಲು ಬಿತ್ತು. ಅಂಜಿನಮ್ಮನ ಮೈಯೆಲ್ಲ ಬಿಗಿಯಾಯಿತು, ಈಗ ಬರುತ್ತಾನೆ ಆ ಗಂಡಸು ಎಂದು. ಬರಲಿಲ್ಲ. ಅವನ ಬದಲು ಆ ಸಂದಿನಲ್ಲಿ ಒಂದು ಹೆಂಗಸಿನ ದನಿ ಬಂತು. ಸ್ವಲ್ಪ ಗೊಗ್ಗರು, ತುದಿಯಲ್ಲಿ ನಡುಗುವ ದನಿ.

"ಯಾರೇ ಅದು?" ಎಂದಳು.

"ನೀನೇ ಅಜ್ಜಿ!"

ಗಂಗಮ್ಮನ ಉಸಿರು ಮುಗಿಯುವ ಮೊದಲೇ ಅವಳ ಉಸಿರು ಬಂದು ಕೂಡುತ್ತಿತ್ತು. ಇಬ್ಬರ ನಡುವೆ ದಾರ ತೂರಿಸುವಷ್ಟೂ ಜಾಗವಿಲ್ಲ. ಇದು ಇಷ್ಟು ಚೆನ್ನಾಗಿತ್ತೆಂದು ಅಂಜಿನಮ್ಮನಿಗೆ ಗೊತ್ತೇ ಇರಲಿಲ್ಲ. ಹಾಡುವವರಿಗೆ ಅದು ಕೇಳಿಸುವುದಿಲ್ಲ. ಗಂಗಕ್ಕ ಸತ್ತ ಮೇಲೆ ಕೇಳೋಣವೆಂದರೆ, ಪ್ರತಿ ಸಲವೂ ಸರಿಯಾಗಿ ಅದೇ ಸಂದಿನಲ್ಲಿ ಒಬ್ಬ ಸಾಲ ಮಾರಿದ್ದ, ಒಬ್ಬ ಎಣ್ಣೆ ಮಾರಿದ್ದ, ಇನ್ನೊಬ್ಬ ಅವರದೇ ರಾಗಿ ಹೊಲದ ಮೇಲೆ ಎದ್ದು ನಿಂತ ಅಪಾರ್ಟ್‌ಮೆಂಟಿನ ಇಪ್ಪತ್ತನೇ ಮಹಡಿ ಮಾರಿದ್ದ.

ಸರಿಯಾಗಿ ಅದೇ ಸಂದಿನಲ್ಲಿ. ಅದು ಹೇಗೆ? ಅಂಜಿನಮ್ಮ ಚಪ್ಪಲಿ ಮೆಟ್ಟಿ ನಂದೀಶನ ಅಂಗಡಿಗೆ ಹೊರಟಳು.

ನಂದೀಶ ಕುಂದಲಹಳ್ಳಿ ಗೇಟಿನ ಬಳಿ ಮೊಬೈಲಿನ ಕವರು, ಗಾಜು, ಚಾರ್ಜರು ಮಾರುತ್ತಿದ್ದ. ತಾಯಿಯ ಗೆಳತಿಯನ್ನು ಕಂಡು ಸ್ಟೂಲು ಒರೆಸಿದ. "ಬಾ ಚಿಕ್ಕವ್ವ. ಟೀ ತರುಸ್ಲಾ?"

"ಟೀ ಬ್ಯಾಡ. ನಿಮ್ಮವ್ವ ಉಸುರ್ ಬಿಡೋ ಕಡೆನೇ ಆ ದರಿದ್ರದೋವು ಬಂದು ಕುಂತ್ಕೊಂತವಲ್ಲ, ಅದು ಎಂಗೋ?"

ನಂದೀಶ ಗಾಜಿನ ಮೇಲಿನ ಧೂಳನ್ನು ಬೆರಳಿಂದ ಒರೆಸಿದ. "ನಾನೇ ಹಾಕಿದ್ದು ಚಿಕ್ಕವ್ವ. ಹಾಡೋರು ನಿಲ್ಲೋ ಜಾಗ ನೋಡಿ ಹಾಕು ಅಂತಾರೆ ವಿಡಿಯೊ ಕಂಪನಿಯೋರು. ಅವ್ವನ ಪದ ಮತ್ತೆ ಮತ್ತೆ ಹಾಕ್ಕೊಂಡು, ಎಲ್ಲಿ ಉಸ್ರು ತಗೊಂತಾಳೆ ನೋಡಿ ನೋಡಿ ಗುರ್ತು ಮಾಡ್ದೆ. ಪದ ಮಧ್ಯಕ್ಕೆ ಕತ್ತರಿಸ್ಬಾರ್ದು ಅಂತ. ಖಾಲಿ ಇರೋ ಕಡೆ ಹಾಕಿದ್ರೆ ಯಾರ್ಗೂ ನೋವಾಗಲ್ಲ ಅಂತ."

"ಅದು ಖಾಲಿ ಜಾಗ ಅಲ್ಲ ಕಣೋ." ಅಂಜಿನಮ್ಮನ ದನಿ ಏರಲಿಲ್ಲ, ಇಳಿಯಿತು. "ಅಲ್ಲಿ ನಾನಿದ್ದೆ."

ಅವನು ಸ್ಟೂಲು ಒರೆಸಿದ ಬಟ್ಟೆಯನ್ನು ಮಡಚಿದ. "ನೀವು ಬ್ಲಾಕರ್ ಹಾಕ್ಕೊಂಡಿದ್ದೀರಂತೆ, ಮಂಜಿ ಫೋನಲ್ಲಿ ಹೇಳಿದ್ಲು. ನೀವೇ ನನ್ ಹೊಟ್ಟೆ ಮೇಲೆ ಹೊಡುದ್ರೆ ಹೆಂಗೆ ಚಿಕ್ಕವ್ವ? ಅವ್ವ ಮಲಗಿದ್ದಾಗ ಅವಳ ಮಾತ್ರೆ ಬಂದಿದ್ದು ಅದೇ ಆಡ್ ಕಾಸಲ್ಲಿ. ಪದ ಚೆನ್ನಾಗಿದೆ, ಸೂಪರ್, ಸಂಸ್ಕೃತಿ ಉಳಿಸಿ ಅಂತ ಸಾವ್ರ ಜನ ಬರೆದ್ರು. ಒಂದ್ ಲೋಟ ಹಾಲು ತಂದ್ಕೊಟ್ಟೋರು ಯಾರು ಹೇಳು?"

ಹುಡುಗ ಸುಳ್ಳು ಹೇಳುತ್ತಿರಲಿಲ್ಲ.

"ಒಂದ್ ದಿನದ್ ಮಟ್ಗೆ ತೆಗ್ದಾಕೋ, ಮಂಜಿ ಅರಿಶಿನಕ್ಕೆ."

"ನಾನು ತೆಗುದ್ರೂ ಕಂಪನಿಯೋರೇ ಹಾಕ್ತಾರೆ. ಅದು ಈಗ ನನ್ ಕೈಲಿಲ್ಲ. ಮೂಲ ವಿಡಿಯೊ ಇದ್ದ ಫೋನು, ಆ ಮಳೇಲಿ ಅಂಗಡಿಗೆ ನೀರು ನುಗ್ತಲ್ಲ, ಆಗ ಹೋಯ್ತು. ಅವ್ವ ಇರೋದು ಈಗ ಅಲ್ಲೊಂದೇ ಕಡೆ." ಅವನು ಮೊಬೈಲಿನ ಕಡೆ ಗದ್ದ ತೋರಿಸಿದ.

ಅಂಜಿನಮ್ಮ ವಾಪಸು ನಡೆದಳು. ಈ ಊರು ಕೊಟ್ಟದ್ದು ಒಂದೇ ಎರಡೇ? ದನ ಮೇಯುತ್ತಿದ್ದ ಗೋಮಾಳ ಕೊಟ್ಟಿತು, ಅಲ್ಲಿ ಗಾಜಿನ ಕಟ್ಟಡ ಬಂತು. ಕೆರೆ ಕೊಟ್ಟಿತು, ಅದಕ್ಕೆ ನೊರೆ ಬಂತು. ಹೊಲಕ್ಕೆ ದುಡ್ಡಾದರೂ ಬಂತು. ನಂಜಪ್ಪ ಅದರಲ್ಲಿ ಪಿ.ಜಿ. ಕಟ್ಟಿಸಿ ಬಾಡಿಗೆ ತಿನ್ನುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಮಾರುವುದಕ್ಕೆ ಇನ್ನೇನೂ ಉಳಿದಿಲ್ಲವೆಂದು ನಾವು ನೆಮ್ಮದಿಯಿಂದ ಕೂತಿದ್ದಾಗ, ಸತ್ತ ಹೆಂಗಸಿನ ಎರಡು ಉಸಿರಿನ ನಡುವೆ ಒಂದು ಸೈಟು ಖಾಲಿಯಿದೆ ಎಂದು ಅಳೆದು ಹೋದವರು ಯಾರು? ಅಳತೆಯ ಟೇಪನ್ನು ಅವಳ ಮಗನ ಕೈಯಲ್ಲೇ ಹಿಡಿಸಿದ ಆ ಜಾಣರು ಎಲ್ಲಿ ಕೂತಿದ್ದಾರೆ? ಮೆಟ್ರೊ ಕಂಬದ ಮೇಲಿನ ಹಲಗೆಗಳು ತಲೆಯ ಮೇಲೆ ಹೊಳೆಯುತ್ತಿದ್ದವು. ಅಂಜಿನಮ್ಮ ತಲೆಯೆತ್ತದೆ ಮನೆ ಸೇರಿದಳು.

ಅಂದಿನಿಂದ ದಿನವೂ ಪದ ಕೇಳಿದಳು. ಅವರೆಕಾಯಿ ಬಿಡಿಸುತ್ತ, ಪಿ.ಜಿ. ಹುಡುಗಿಯರ ಟೊಮೆಟೊ ಸಾರಿಗೆ ಒಗ್ಗರಣೆ ಹಾಕುತ್ತ, ಗಂಗಮ್ಮನ ಹಿಂದೆ ಹಿಂದೆ ಹೋದಳು. ನಾಯಿ ಬಾಗಿಲಲ್ಲಿ ಮಲಗಿಯೇ ಇತ್ತು. ಮೊಮ್ಮಗಳು ಮುದ್ದೆಯ ತಟ್ಟೆ ಮುಂದಕ್ಕೆಳೆದುಕೊಂಡಳು, "ಇನ್ನೊಂಚೂರು ಸಾರು ಹಾಕಜ್ಜಿ" ಎಂದಳು. ಒಮ್ಮೆ ಕರೆಂಟು ಹೋಗಿ ವೈಫೈ ನಿಂತಾಗ, ಒಲೆಯ ಮುಂದೆ ಯಾರೋ ಗುನುಗುತ್ತಲೇ ಇದ್ದರು. ನಂಜಪ್ಪ ಇಣುಕಿ ನೋಡಿ ಏನೂ ಹೇಳದೆ ಹೋದ. ಅವನು ಏನೂ ಹೇಳದೆ ಹೋದದ್ದು ಆ ತಿಂಗಳಲ್ಲಿ ಅದೊಂದೇ ಸಲ.

ಅರಿಶಿನದ ದಿನ ಬಂತು. ಬೀದಿಗೆ ಅಡ್ಡಲಾಗಿ ಚಪ್ಪರ ಹಾಕಿ ಹೊಂಗೆ ಸೊಪ್ಪು ಹೊದಿಸಿದರು. ನಂದೀಶನೇ ಸ್ಟೂಲು ಹತ್ತಿ ಕೊಂಬೆ ಕಟ್ಟುತ್ತಿದ್ದ. ಕರೆಯದಿದ್ದರೂ ಬಂದಿದ್ದ, ಅವ್ವನ ಪಾಲಿನ ಕೆಲಸವೆಂದು. ಮಂಜುಶ್ರೀ ತಲೆಗೆ, ಕೈಗೆ ಎಣ್ಣೆ ಹಾಕಿಸಿಕೊಂಡು ಹಸೆಮಣೆಯ ಮೇಲೆ ಕೂತಳು. ಗಂಡಿನ ಕಡೆಯ ಹೆಂಗಸರು ಸಾಲಾಗಿ ಕೂತರು. ಅವರಲ್ಲಿ ಒಬ್ಬಿಬ್ಬರ ತುಟಿಯ ಮೂಲೆಯಲ್ಲಿ ನಗೆ. ಆ ವಿಡಿಯೊ ಅವರಿಗೂ ತಲುಪಿತ್ತು. ಲ್ಯಾಪ್‌ಟಾಪನ್ನು ಸ್ಪೀಕರಿಗೆ ಜೋಡಿಸಿದ್ದರು. ಪಕ್ಕದ ಮನೆಯ ಹುಡುಗಿಯೊಬ್ಬಳು ಗುಂಡಿ ಒತ್ತಿದಳು.

ಗಂಗಮ್ಮನ ಮುಖ ಬಂತು. ಬಾಯಿ ತೆರೆದಳು. ಹಾಗೇ ನಿಂತಳು.

ಅವಳ ಮುಖದ ಮೇಲೆ ಬಿಳಿಯ ಪೆಟ್ಟಿಗೆಯೊಂದು ಬಂದು ಕೂತಿತ್ತು. ಹುಡುಗಿ ಓದಿದಳು: ನೀವು ಆಡ್ ಬ್ಲಾಕರ್ ಬಳಸುತ್ತಿರುವುದು ನಮಗೆ ತಿಳಿದಿದೆ. ಅದನ್ನು ತೆಗೆಯಿರಿ, ಇಲ್ಲವೇ ಹಣ ಕಟ್ಟಿ. ಅಲ್ಲಿಯವರೆಗೆ ವಿಡಿಯೊ ಓಡುವುದಿಲ್ಲ.

"ನಿನ್ನೆ ತಂಕ ಓಡ್ತಿತ್ತಲ್ಲೇ!" ಎಂದಳು ಅಂಜಿನಮ್ಮ.

"ಇವತ್ತು ಕಂಡುಹಿಡ್ದಿದ್ದಾರೆ ಅಜ್ಜಿ." ಮಂಜುಶ್ರೀಯ ಕೈಯೆಲ್ಲ ಎಣ್ಣೆ, ಎದ್ದು ಹೋಗುವಂತಿಲ್ಲ, ಹಸೆಯ ಮೇಲೆ ಕೂತವಳು ಏಳಬಾರದು. ಅವಳ ಕಣ್ಣು ತುಂಬಿತು. "ಬಿಡು ಅಜ್ಜಿ. ಆಡ್ ಬಂದ್ರೆ ಬರ್ಲಿ. ನಂಗೇನೂ ಆಗಲ್ಲ."

ನಂದೀಶ ಸ್ಟೂಲಿನಿಂದ ಇಳಿದು ಬಂದ. "ಒಂದೇ ನಿಮಿಷ ಚಿಕ್ಕವ್ವ, ಬ್ಲಾಕರ್ ತೆಗುದ್ರೆ ಓಡುತ್ತೆ. ತೆಗೀಲಾ?"

ಎಲ್ಲರೂ ಅಂಜಿನಮ್ಮನನ್ನೇ ನೋಡಿದರು. ಅವಳು ಲ್ಯಾಪ್‌ಟಾಪನ್ನು ನೋಡಿದಳು. ಪೆಟ್ಟಿಗೆಯ ಹಿಂದೆ ಗಂಗಕ್ಕ ಬಾಯಿ ತೆರೆದು ನಿಂತಿದ್ದಳು, ಬಾಕಿ ವಸೂಲಿಗೆ ಬಂದವರು ಬಾಗಿಲಿಗೆ ಅಡ್ಡ ನಿಂತ ಮನೆಯೊಳಗಿನ ಹೆಂಗಸಿನ ಹಾಗೆ. ಮೊಮ್ಮಗಳು ತನ್ನ ಸಲುವಾಗಿ 'ನಂಗೇನೂ ಆಗಲ್ಲ' ಎಂದ ಮಾತು ಕಿವಿಯಲ್ಲೇ ಇತ್ತು. ಮೂರು ತಿಂಗಳು ಬೆಳಗಿನ ಮುದ್ದೆ ಬಿಟ್ಟಾಗಲೂ ಈ ಹುಡುಗಿ ಇದೇ ಮಾತು ಹೇಳಿದ್ದಳು.

"ಬ್ಯಾಡ. ಮುಚ್ಚೋ ಅದನ್ನ."

"ಮತ್ತೆ ಎತ್ತೋರು ಯಾರು?"

ಅಂಜಿನಮ್ಮ ಎಡಮಗ್ಗುಲಿನ ತನ್ನ ಜಾಗದಿಂದ ಎದ್ದಳು. ಗಂಗಮ್ಮ ಕೂರುತ್ತಿದ್ದ ನಡುವಿನ ಜಾಗಕ್ಕೆ ಹೋಗಿ ಕೂತಳು. ಸೆರಗು ಎಳೆದು ಹೊದ್ದುಕೊಂಡಳು. ಎಡಮಗ್ಗುಲು ಬರಿದಾಗಿ ಉಳಿಯಿತು. ಹಿಂದಿನ ಸಾಲಿನಿಂದ ವನಜಾ ಎದ್ದು ಬಂದು ಅಲ್ಲಿ ಕೂತಳು.

"ಹೊಂಗೇಯ ಚಪ್ಪರಕೆ ಬಂಗಾರ ಬಿಸಿಲು ಬಿತ್ತು..."

ಗೊಗ್ಗರು ದನಿ. ಎತ್ತರ ಸಾಲದು, ಮಾರ್ತಳ್ಳಿಗೆ ಕೇಳುವ ಮಾತು ಹಾಗಿರಲಿ, ಬೀದಿಯ ತುದಿಗೂ ಕೇಳಿಸಿದ್ದು ಅನುಮಾನ. ಆದರೆ ಹೆಂಗಸರು ಹಿಡಿದರು. ಗಂಡಿನ ಕಡೆಯವಳೊಬ್ಬಳು ಬಟ್ಟಲಿನಿಂದ ಅರಿಶಿನ ತೆಗೆದು ಮಂಜುಶ್ರೀಯ ಕೆನ್ನೆಗೆ ಮುಟ್ಟಿಸಿದಳು.

"ತಂಗೀಯ ಕೆನ್ನೇಗೆ ಅರಿಶಿನವು ಅರಳೀತು..."

ಹಿಡಿದರು.

"ಮಾವಯ್ಯ ತಂದಾನೆ ಮಲ್ಲಿಗೆಯ ದಂಡೆಯ..."

ಹಿಡಿದರು. ಅವರು ಹಿಡಿದು ಬಿಟ್ಟ ಮೇಲೆ ಅಂಜಿನಮ್ಮ ಬಾಯಿ ತೆರೆದಳು. ಸಾಲು ಬರಲಿಲ್ಲ. ಒಲೆಯ ಮುಂದೆ ತಾನಾಗಿ ಬರುತ್ತಿದ್ದ ಸಾಲು ಇಷ್ಟು ಕಣ್ಣುಗಳ ಮುಂದೆ ಎಲ್ಲೋ ಅಡಗಿತು. ಹಳೆಯ ರೂಢಿಯಂತೆ ಅವಳು ಬಲಕ್ಕೆ ಕಿವಿಕೊಟ್ಟು ಗಂಗಮ್ಮನಿಗಾಗಿ ಕಾದಳು. ಬಲಗಡೆ ಯಾರೂ ಇರಲಿಲ್ಲ. ಸಂದು ದೊಡ್ಡದಾಗುತ್ತ ಹೋಯಿತು. ಇನ್ನೊಂದು ಚಣ ಹೋದರೆ ಯಾರಾದರೂ ಕೆಮ್ಮುತ್ತಾರೆ, ಯಾರದಾದರೂ ಫೋನು ಕಿರುಚುತ್ತದೆ, ಪದ ಮುರಿಯುತ್ತದೆ.

"ಕೆರೆಯೇರಿ ಮ್ಯಾಲೊಂದು..."

ಗಂಡಸಿನ ದನಿ. ರಾಗವಿಲ್ಲದ, ಮೆಲ್ಲಗಿನ ದನಿ. ಹೆಂಗಸರ ಬೆನ್ನ ಹಿಂದೆ ಹೊಂಗೆ ಕೊಂಬೆ ಹಿಡಿದು ನಿಂತಿದ್ದ ನಂದೀಶ. ಎಲ್ಲೆಲ್ಲಿ ಅವ್ವನ ಉಸಿರು ನಿಲ್ಲುತ್ತದೆ, ನಿಂತ ಮೇಲೆ ಯಾವ ಸಾಲು ಬರುತ್ತದೆ ಎಂದು ಈ ಭೂಮಿಯ ಮೇಲೆ ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ, ಮಾರುವುದಕ್ಕಾಗಿ ಕಲಿತಿದ್ದ.

ಗಂಡಸು ಸೋಬಾನೆಗೆ ಬಾಯಿ ಹಾಕಿದ್ದನ್ನು ಆ ಬೀದಿ ಕಂಡಿರಲಿಲ್ಲ. ಒಂದಿಬ್ಬರು ತಿರುಗಿ ನೋಡಿದರು. ಅಂಜಿನಮ್ಮ ತಿರುಗಲಿಲ್ಲ. ಎಳೆ ಸಿಕ್ಕಿತ್ತು.

"ಕೆರೆಯೇರಿ ಮ್ಯಾಲೊಂದು ಬೆಳ್ಳಕ್ಕಿ ಕೂತೀತು..."

ಅದು ಬೇರೊಂದು ಮಾತಲ್ಲ, ಪದದ್ದೇ ಮಾತು. ಹಾಗಾಗಿ ಪದ ಮುರಿಯಲಿಲ್ಲವೆಂದು ಗಂಡಿನ ಕಡೆಯ ಹಿರಿಯಳೊಬ್ಬಳು ತಲೆಯಾಡಿಸಿದಳು, ಅರಿಶಿನದ ಕೈ ನಿಲ್ಲಿಸಲಿಲ್ಲ.

ಮುಂದೆ ಎರಡು ಕಡೆ ನಂದೀಶ ಎತ್ತಿಕೊಡಬೇಕಾಯಿತು. ನಡುವೆ ರೂಢಿಯಂತೆ ಅವನ ಕೈ ಜೇಬಿನ ಫೋನಿಗೆ ಹೋಯಿತು, ಹಿಡಿದಿಡೋಣವೆಂದು. ಅಷ್ಟರಲ್ಲಿ ಅಂಜಿನಮ್ಮ ಮತ್ತೆ ಬಲಕ್ಕೆ ಕಿವಿ ಹೊರಳಿಸಿದಳು. ಅವನು ಫೋನು ಬಿಟ್ಟು, ಬಗ್ಗಿ, ಅವಳ ಕಿವಿಯ ಬಳಿ ಸಾಲು ಹೇಳಿದ.

ಮಂಜುಶ್ರೀಯ ಮುಖ ಅರಿಶಿನದಲ್ಲಿ ಮುಚ್ಚಿಹೋಗಿತ್ತು. ಕೆನ್ನೆ ತುಂಬಿದ, ಕಪ್ಪು ಹುಬ್ಬಿನ ಮುಖ. ಅಂಜಿನಮ್ಮ ಅದನ್ನೇ ನೋಡುತ್ತ ಕೊನೆಯ ಸಾಲು ಎತ್ತಿ, ಉಸಿರು ಬಿಟ್ಟಳು. ಆ ಸಂದಿನಲ್ಲಿ ವನಜಾ ಇದ್ದಳು.